ಬೇರೆಯವರು ಬಡಿದ ರೊಟ್ಟಿ

ಬಾದಾಮಿ ಚಂದ ಅಂತ ಯಾರಾದರೂ ನನ್ನ ಮುಂದೆ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಚಂದ ಇಲ್ಲ ಅಂತಲ್ಲ. ಕೆಂಪು ಗುಡ್ಡ, ಗುಡ್ಡದ ಬುಡಕ್ಕೆ ಹಸಿರು ನೀರು, ನೀರಿನ ದಂಡೆಗೆ ಗುಡಿ, ಎಲ್ಲ ಇದೆ. ಕಣ್ಣಿದ್ದವರು ಯಾರೂ ಇಲ್ಲ ಅನ್ನಲಾರರು. ಆದರೆ ನನಗೆ ಆ ಊರು ತೋರಿಸಿದವರು ನನ್ನ ಅಕ್ಕನ ಮಾವ. ನಾವು ಕೇಳಲು ಹೋದ ಒಂದೇ ಒಂದು ಮಾತು ನಮ್ಮ ಬಾಯಿಂದ ಹೊರಬೀಳಬಾರದು ಅಂತ ಆ ಮನುಷ್ಯ ನಮಗೆ ದಿನಕ್ಕೊಂದು ಗುಡ್ಡ ತೋರಿಸಿದರು. ನೋಡಿ ನೋಡಿ ನನ್ನ ಕಣ್ಣೂ ಸೋತವು, ಕಾಲೂ ಸೋತವು.

ಬಾಗಲಕೋಟೆ ಜಿಲ್ಲೆಯಾಗಿ ಆಗಿನ್ನೂ ಒಂದೆರಡು ವರ್ಷವಾಗಿತ್ತು. ನಾನು ಇಳಕಲ್ಲಿನಲ್ಲಿ ಪಿಯುಸಿ ಮುಗಿಸಿ ಅಪ್ಪನ ಮಗ್ಗದ ಪಕ್ಕ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಅಕ್ಕನನ್ನು ಬಾದಾಮಿಗೆ ಕೊಟ್ಟು ಒಂದೂವರೆ ವರ್ಷ. ಬೀಗರದು ಕೆರೆಗೆ ಹೋಗುವ ಹಾದಿಯಲ್ಲಿ ಖಾನಾವಳಿ. ಮೇಲೆ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಕೋಣೆಗಳು. ದೀಪಾವಳಿ ಕಳೆದು ಗವಿ ನೋಡುವವರ ಸುಗ್ಗಿ ಶುರುವಾಗಿತ್ತು. ಅಕ್ಕನಿಗೆ ಏಳು ತಿಂಗಳು ತುಂಬಿತ್ತು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅದಕ್ಕೊಂದು ಕ್ರಮವಿದೆ. ತವರಿನವರು ಹಸಿರು ಸೀರೆ, ಹಸಿರು ಕುಬಸದ ಖಣ, ಹಸಿರು ಬಳೆ ಒಯ್ದು ಮಗಳಿಗೆ ಉಡಿಸಿ, ತೊಡಿಸಿ, ಐದು ಜನ ಮುತ್ತೈದೆಯರಿಂದ ಉಡಿ ತುಂಬಿಸುತ್ತಾರೆ. ಇದಕ್ಕೆ ಕುಬಸ ಮಾಡುವುದು ಅನ್ನುತ್ತೇವೆ. ಒಮ್ಮೆ ಉಡಿ ತುಂಬಿತೋ, ಬಸುರಿ ಆ ಉಡಿ ಕಟ್ಟಿಕೊಂಡೇ ತವರಿನ ಹಾದಿ ಹಿಡಿಯಬೇಕು. ತುಂಬಿದ ಉಡಿಯಲ್ಲಿ ಗಂಡನ ಮನೆಯ ಒಲೆ ಮುಟ್ಟುವ ಹಾಗಿಲ್ಲ. ಬೀಗರೂ ನಮ್ಮ ಮಂದಿಯೇ, ಈ ಕ್ರಮ ಅವರಿಗೂ ಗೊತ್ತು. ಗೊತ್ತಿದ್ದದ್ದರಿಂದಲೇ ಕುಬಸದ ಮಾತು ಬಂದಾಗಲೆಲ್ಲ ಅವರು ಗುಡ್ಡದ ಕಡೆ ಕೈ ತೋರಿಸುತ್ತಿದ್ದರು. ಸುಗ್ಗಿಯ ಹೊತ್ತಿನಲ್ಲಿ ಸೊಸೆ ಹೊರಟುಹೋದರೆ ಖಾನಾವಳಿಯ ರೊಟ್ಟಿ ಬಡಿಯುವವರು ಯಾರು?

ನಮ್ಮ ಓಣಿಯ ಎಸ್‌ಟಿಡಿ ಅಂಗಡಿಗೆ ಅಕ್ಕನ ಫೋನ್ ಬಂದಿತ್ತು. ಅವ್ವ ಓಡಿಹೋಗಿ ಹಿಡಿದರೆ ಅಕ್ಕ ಅಂದದ್ದು ಇಷ್ಟೇ: "ಯವ್ವಾ, ಜಲ್ದಿ ಬರ್ರಿ." ಫೋನು ಇರುವುದು ಖಾನಾವಳಿಯ ಗಲ್ಲಾದ ಮೇಲೆ, ಅಲ್ಲಿ ನಿಂತು ಇನ್ನೇನು ಹೇಳಿಯಾಳು. ಅವ್ವ ಮನೆಗೆ ಬಂದು ಟ್ರಂಕು ತೆಗೆದಳು.

ಸೀರೆ ಅಪ್ಪ ನೇಯ್ದದ್ದು. ಹಸಿರು ಒಡಲು, ಕೆಂಪು ಸೆರಗು. ಮಗಳ ಕುಬಸಕ್ಕೆ ತಂದೆ ಹೋಗುವ ರೂಢಿ ನಮ್ಮಲ್ಲಿಲ್ಲ. ಮಗ್ಗದ ಕುಣಿಯಿಂದ ಏಳದೆ ಅಪ್ಪ ಒಂದು ಮಾತು ಹೇಳಿದ. "ಉಡಿಸಿಕೊಂಡ ಕರಕೊಂಡ ಬರ್ರಿ. ಮಡಚಿಕೊಂಡ ತರಬ್ಯಾಡ್ರಿ." ಅಪ್ಪ ಅಷ್ಟು ಮಾತಾಡಿದ್ದೇ ಹೆಚ್ಚು.

ಹುನಗುಂದದಲ್ಲಿ ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಬಸ್ಸು ಹತ್ತಿದ. ಬೀಗರ ಮುಂದೆ ಮಾತು ತೆಗೆಯಲು ಗಂಡಸೊಬ್ಬ ಹಿರಿಯ ಬೇಕು ಅಂತ ಅವ್ವ ಅವನನ್ನು ಕರೆಸಿದ್ದಳು. ಮಾವ ಒಳ್ಳೆಯವನು. ಒಳ್ಳೆಯವರಿಂದ ಏನಾದರೂ ಕೆಲಸ ಆದದ್ದನ್ನು ನಾನಂತೂ ಕಾಣೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಬೀಗರಿಗೆ ಅಂತ ಕರದಂಟು ಕಟ್ಟಿಸಿಕೊಂಡು, ಬಾದಾಮಿ ಬರುವುದರೊಳಗೆ ಒಂದು ತುಂಡು ತಾನೇ ತಿಂದ.

ಬೀಗರು, ಅಂದರೆ ಅಕ್ಕನ ಮಾವ, ಬಸ್‌ಸ್ಟ್ಯಾಂಡಿಗೇ ಬಂದಿದ್ದರು. ವಯಸ್ಸಿನಲ್ಲಿದ್ದಾಗ ಕಾರವಾರದ ಒಂದು ಹೋಟೆಲಿನಲ್ಲಿ ದುಡಿದು ಬಂದ ಮನುಷ್ಯ. ಅಲ್ಲಿಂದ ಅವರು ತಂದದ್ದು ಒಂದೇ ಸಿದ್ಧಾಂತ: ಊರು ಅಂದರೆ ಹಿಂದೆ ಗುಡ್ಡ ಇರಬೇಕು, ಮುಂದೆ ನೀರಿರಬೇಕು. ಇವೆರಡೂ ಇಲ್ಲದ ಊರು ಅವರ ಲೆಕ್ಕಕ್ಕೆ ಊರೇ ಅಲ್ಲ. "ಕಾರವಾರಕ್ಕ ಸಮುದ್ರ ಐತಿ, ನಮಗ ಕೆರಿ ಐತಿ. ಉಪ್ಪೊಂದು ಕಡಿಮಿ ನೋಡ್ರಿ," ಅಂತ ನಕ್ಕರು. ಮಾವನೂ ನಕ್ಕ. "ನಿಮ್ಮ ಇಳಕಲ್ಲಿನ್ಯಾಗ ನೋಡಾಕ ಏನೈತ್ರಿ?" ಅಂತ ಅವ್ವನನ್ನು ಕೇಳಿದರು. ಅವ್ವ ಉತ್ತರ ಕೊಡಲಿಲ್ಲ. ನನಗೆ ಅಲ್ಲೇ, ಬಸ್‌ಸ್ಟ್ಯಾಂಡಿನಲ್ಲೇ, ಆ ಮನುಷ್ಯನ ಮೇಲೆ ಸಿಟ್ಟು ಬಂತು.

ಮನೆ ತಲುಪಿದಾಗ ಅಕ್ಕ ಅಡುಗೆಮನೆಯಿಂದ ಹೊರಗೆ ಬಂದು ಕಾಲಿಗೆ ನೀರು ಕೊಟ್ಟಳು. ಮುಖ ಇಳಿದಿತ್ತು, ಪಾದ ಬಾತಿದ್ದವು. ಬೀಗತಿ, ಅಕ್ಕನ ಅತ್ತೆ, ಅವ್ವನ ಕೈಯಲ್ಲಿದ್ದ ಗಂಟಿಗೇ ಕೈ ಚಾಚಿದರು. "ಕೊಡ್ರಿ ಅಕ್ಕಾರ, ದೇವರ ಮುಂದ ಇಡ್ತೇನಿ." ದೇವರ ಕೋಣೆಯ ಕೀಲಿಕೈ ಅವರ ಸೊಂಟದಲ್ಲಿ ನೇತಾಡುತ್ತಿತ್ತು. ಅವ್ವ ನೋಡಿದಳು. "ಇರಲಿ ಬಿಡ್ರಿ, ನನಗೇನ ಭಾರ ಆಗಂಗಿಲ್ಲ," ಅಂದಳು. ಆಮೇಲೆ ಆ ಗಂಟನ್ನು ಅವಳು ಎಲ್ಲಿಯೂ ಇಳಿಸಲಿಲ್ಲ, ಗುಡ್ಡ ಹತ್ತುವಾಗಲೂ ಇಳಿಸಲಿಲ್ಲ.

ಚಹಾ ಕುಡಿದು ಮಾವ ಗಂಟಲು ಸರಿಮಾಡಿಕೊಂಡ. "ಬೀಗರ, ನಾವು ಬಂದದ್ದು ಯಾಕಪಾ ಅಂದರ..." ಬೀಗರು ಎದ್ದೇ ನಿಂತರು. "ಅದೆಲ್ಲಾ ಇದ್ದದ್ದ ಬಿಡ್ರಿ. ಬಿಸಲ ಏರೂದ್ರಾಗ ಗವಿ ನೋಡಿ ಬರೂಣು ನಡೀರಿ. ಬಾದಾಮಿಗೆ ಬಂದು ಗವಿ ನೋಡದ ಮಾತಾಡ್ತಾರೇನ್ರಿ?" ಮಾವ ಚಪ್ಪಲಿ ಮೆಟ್ಟಿಯೇಬಿಟ್ಟ.

ಗವಿಯ ಮೆಟ್ಟಿಲು ಹತ್ತಿದೆವು. ಹದಿನೆಂಟು ಕೈಯಿನ ಶಿವ ಕುಣಿಯುತ್ತಿದ್ದ. ಒಂದು ಜೋಡಿ ಕೈ ಒಂದು ಮುದ್ರೆ, ಇನ್ನೊಂದು ಜೋಡಿ ಇನ್ನೊಂದು, ಅಂತ ಬೀಗರು ಬಿಡಿಸಿ ಬಿಡಿಸಿ ಹೇಳಿದರು. ನನಗೆ ಕಂಡದ್ದು ಒಂದೇ: ಸೊಸೆಗೆ ಹದಿನೆಂಟು ಕೈ ಇದ್ದಿದ್ದರೆ ಇವರು ಆ ಎಲ್ಲಾ ಕೈಗೂ ಹಿಟ್ಟು ಹಚ್ಚುತ್ತಿದ್ದರು. ಮೇಲಿನ ಗವಿಯಿಂದ ಕೆಳಗೆ ಕೆರೆ ಕಾಣುತ್ತಿತ್ತು, ದಂಡೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಮಾವ ಕಂಬಕ್ಕೆ ಕೈಕೊಟ್ಟು ನಿಂತು, "ಎಂಥಾ ಜಾಗಾರೀ ಬೀಗರ, ಇಲ್ಲೇ ಇದ್ದುಬಿಡಬೇಕ ಅನ್ನಿಸ್ತೈತಿ," ಅಂದ. ಇರು ಅಂತ ಅಂದುಕೊಂಡೆ ನಾನು, ನಿನಗೂ ರೊಟ್ಟಿ ಹಿಟ್ಟಿನ ಒಂದು ಮರದ ಕೊಣಮಿಗಿ ಕೊಟ್ಟು ಹಿಟ್ಟು ನಾದಲು ಕೂಡಿಸುತ್ತಾರೆ.

ಇಳಿಯುವಾಗ ಮಂಗ್ಯಾಗಳು ಬಿದ್ದವು. ಬಾದಾಮಿಯ ಮಂಗ್ಯಾಗಳಿಗೆ ಯಾವ ಗಂಟಿನಲ್ಲಿ ತಿನ್ನುವುದಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ಒಂದು ಬಂದು ಅವ್ವನ ಗಂಟಿಗೆ ಕೈ ಹಾಕಿ ಬಾಳೆಹಣ್ಣು ಎಳೆಯಿತು, ಇನ್ನೊಂದು ಉಡಿಗೆ ತಂದಿದ್ದ ಒಣಕೊಬ್ಬರಿಯ ಗಿಟುಕು ಕಚ್ಚಿಕೊಂಡು ಬಂಡೆ ಏರಿತು. ಅವ್ವ ಸೀರೆಯ ಮೇಲೆ ಕವುಚಿ ಕೂತುಬಿಟ್ಟಳು. ನಾನು ಚಪ್ಪಲಿ ತೆಗೆದು ಒಗೆದೆ, ಚಪ್ಪಲಿ ಹೋಯಿತು, ಮಂಗ್ಯಾ ಹೋಗಲಿಲ್ಲ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡ್ರಿ ಅಕ್ಕಾರ, ಮಂಗ್ಯಾನ ಕುಬಸಾ ಆತು." ಎರಡು ದಿನದಲ್ಲಿ ಕುಬಸ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದು ಅದೊಂದೇ ಸಲ.

ಮಧ್ಯಾಹ್ನ ನಾನು ಅಡುಗೆಮನೆಗೆ ಹೋಗಿ ಅಕ್ಕನ ಪಕ್ಕ ಕೂತೆ. ಕೋಣೆ ಹಿಂದುಗಡೆ ಇತ್ತು, ಇದ್ದ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆದಿತ್ತು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಹೊಟ್ಟೆ ಅಡ್ಡ ಬರುತ್ತಿದ್ದರಿಂದ ಕೊಣಮಿಗಿಗೆ ಓರೆಯಾಗಿ ಕೂತಿದ್ದಳು. ಕೈ ನಿಲ್ಲಿಸದೆ ಕೇಳಿದಳು, "ಗುಡ್ಡದ ಮ್ಯಾಲ ಏನೇನ ಐತಿ?"

ನನಗೆ ಚೇಷ್ಟೆ ಅನ್ನಿಸಿತು. "ನಿನ್ನ ಊರು, ನನ್ನ ಕೇಳ್ತೀ?"

"ನಾ ಎಲ್ಲಿ ನೋಡೇನಿ?"

"ಒಂದೂವರಿ ವರ್ಷ ಆತಲ್ಲ ಬಂದು."

"ಬಂದ ಮಂದಿ ಉಂಡು ಗುಡ್ಡಕ್ಕ ಹೋಗ್ತಾರ. ಅವರು ಇಳದು ಬರೂದ್ರಾಗ ಸಂಜಿ ಹಿಟ್ಟು ನಾದಬೇಕು. ಗಲ್ಲಾದ ಮ್ಯಾಲ ಕ್ಯಾಲೆಂಡರ್ ಐತಿ ನೋಡು, ಅದರಾಗ ನೋಡೇನಿ. ಕೆರಿ ಮಾತ್ರ ಖರೇನ ಹಸರ ಐತೇನು, ಇಲ್ಲಾ ಬಣ್ಣಾ ಹಚ್ಯಾರೋ?"

ನಾನು ಹಸಿರೇ ಇದೆ ಅಂದೆ. ದೂರದ ಗುಡ್ಡ ನುಣ್ಣಗೆ ಅನ್ನುತ್ತಾರೆ; ಗುಡ್ಡದ ಬುಡದಲ್ಲೇ ಇದ್ದವಳಿಗೆ ಗುಡ್ಡವೇ ಇರಲಿಲ್ಲ. ಪರದೇಶದವರು ವಿಮಾನ ಹತ್ತಿ ಬಂದು ನೋಡಿ ಹೋಗುವುದನ್ನು ನನ್ನ ಅಕ್ಕ ಕ್ಯಾಲೆಂಡರಿನಲ್ಲಿ ನೋಡಿದ್ದಳು. ಇವರು ನಮಗೆ ಊರು ತೋರಿಸುತ್ತಾರಂತೆ, ಊರು.

ಅಕ್ಕ ತವೆಯ ಮೇಲೆ ರೊಟ್ಟಿ ಹಾಕಿ, ದನಿ ತಗ್ಗಿಸಿದಳು. "ಇಲ್ಲೇ ಹಡಿಸಬೇಕಂತ ಮಾಡ್ಯಾರ. ದವಾಖಾನಿ ಹತ್ತರ ಐತಿ ಅಂತಾರ. ಇಲ್ಲೇ ಹಡದರ ಕೂಸಿನ ತೊಟ್ಟಲಕ್ಕ ಹಾಕಿದ ಮರುದಿನ ನನ್ನ ಒಲಿ ಮುಂದ ಕುಂದ್ರಸ್ತಾರ. ನನ್ನ ಕೈಲೆ ಆಗಂಗಿಲ್ಲ. ನೀವು ಉಡಿ ತುಂಬದ ಹೋಗಬ್ಯಾಡ್ರಿ."

"ನಿನ್ನ ಗಂಡ ಏನಂತಾನ?"

"ಅವರು ಅವರಪ್ಪನ ಮುಂದ ಬಾಯಿ ತಗಿಯಂಗಿಲ್ಲ. ನನ್ನ ಮುಂದ ತಗೀತಾರ, ಆದರ ಅದು ಉಪಯೋಗಿಲ್ಲ."

ನಾನು ಎದ್ದು ಸೀದಾ ಮಾವನ ಹತ್ತಿರ ಹೋದೆ. ಅವನು ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿದ್ದ. "ಮಾವಾ, ನೀ ಯಾಕ ಬಂದೀ ಇಲ್ಲಿಗೆ?" ಅಂದೆ.

"ತಡಿಯವಾ, ನಾಳೆ ಮಾತಾಡ್ತೇನಿ. ಉಂಡ ಮನಿ ಜಂತಿ ಎಣಸಬಾರದು."

"ಜಂತಿ ಎಣಸು ಅಂತ ಯಾರಂದ್ರು? ಹುಡುಗಿನ ಕಳಸ್ತೀರೇನು ಅಂತ ಕೇಳು ಅಂದ್ರ ಎದಿ ಒಡೀತೈತೇನು?"

"ನಿನಗ ಭಾಳ ಬಾಯಿ," ಅಂದು ಮಾವ ಮಗ್ಗಲು ಬದಲಿಸಿದ. ಬಾಯಿ ಇದ್ದದ್ದು ಹೌದು. ಕುಬಸಕ್ಕೆ ಬಂದ ಮನೆಯಲ್ಲಿ ಮದುವೆಯಾಗದ ಹುಡುಗಿಯ ಬಾಯಿಗೆ ಬೆಲೆ ಇರಲಿಲ್ಲ, ಅಷ್ಟೇ.

ಮರುದಿನ ಬಡಗಣ ಗುಡ್ಡ. ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಹತ್ತಿಸಿಕೊಂಡು ಹೋಗಿ ಕೋಟೆ ತೋರಿಸಿದರು, ತುದಿಯ ಶಿವಾಲಯ ತೋರಿಸಿದರು. ಅವ್ವನಿಗೆ ಏದುಸಿರು. ಇಳಿದು ಕೆರೆಯ ಆಚೆ ದಂಡೆಯ ಭೂತನಾಥನ ಗುಡಿಯ ಕಟ್ಟೆಗೆ ಕೂತಾಗ ಅವ್ವ ತಾನೇ ಬೀಗರ ಮುಂದೆ ಮಾತು ತೆಗೆದಳು. ಅಣ್ಣನನ್ನು ಕಾದು ಅವಳಿಗೂ ಸಾಕಾಗಿತ್ತು.

"ಅಣ್ಣಾರ, ಹುಡುಗಿಗೆ ಉಡಿ ತುಂಬಿ ಕರಕೊಂಡ ಹೋಗಬೇಕಂತ ಬಂದೇವ್ರಿ."

"ಅಯ್ಯ, ಇಂಥಾ ನೀರಿನ ದಂಡಿಗೆ ಕುಂತು ಸಂಸಾರದ ಮಾತ್ಯಾಕ್ರಿ ಅಕ್ಕಾರ," ಅಂದರು ಬೀಗರು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ. "ಅಲ್ಲಿ ನೋಡ್ರಿ, ಆ ಬಂಡಿ ಮ್ಯಾಲ ಎರಡು ಕರಿ ಗೆರಿ ಕಾಣ್ತಾವಲ್ಲ, ಮಳಿ ಹತ್ತಿದಾಗ ಅಲ್ಲಿಂದ ಎರಡು ಧಾರಿ ಜೋಡಿಲೆ ಬೀಳ್ತಾವ. ಅವಕ್ಕ ಅಕ್ಕ-ತಂಗಿ ಅಂತಾರ. ಮಳಿಗಾಲದಾಗ ಬರಬೇಕಿತ್ತು ನೀವು."

ನಾನು ನೋಡಿದೆ. ಹನಿ ನೀರಿಲ್ಲ. ಬಿಸಿಲಿಗೆ ಸುಟ್ಟ ಬಂಡೆ, ಅದರ ಮೇಲೆ ಎರಡು ಕರೀ ಕಲೆ. ಇಲ್ಲದ ನೀರನ್ನು ತೋರಿಸಿ ಇದ್ದ ಮಾತನ್ನು ನುಂಗಿಸಿದ ಮನುಷ್ಯನನ್ನು ಆ ಕೆರೆಗೇ ದೂಡಬೇಕು ಅನ್ನಿಸಿತು ನನಗೆ. ಖರೇ ಹೇಳುತ್ತೇನೆ, ಎಷ್ಟು ಆಳ ಇದ್ದೀತು ಅಂತ ಬಗ್ಗಿ ನೋಡಿದೆ ಕೂಡ.

ಅವತ್ತು ಮಧ್ಯಾಹ್ನ ಓಣಿಯ ಹೆಂಗಸರು ನಮ್ಮನ್ನು ಮಾತಾಡಿಸಲು ಬಂದರು. ಮಂದಿ ಕೂಡಿದರೆ ಬೀಗತಿಗೆ ಹುರುಪು. ಸೊಸೆಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂತ ಶುರುಮಾಡಿದರು. ಅಲ್ಲಿಗೆ ಬಿಟ್ಟಿದ್ದರೆ ಅವರೇ ಗೆಲ್ಲುತ್ತಿದ್ದರು. ಬಿಡಲಿಲ್ಲ. ಅಕ್ಕನನ್ನು ಅಡುಗೆಮನೆಯಿಂದ ಕರೆದು, ಎಲ್ಲರಿಗೂ ಕೇಳುವ ಹಾಗೆ, "ಹೇಳವಾ, ಏನ್ ತಿನ್ನಬೇಕ ಅನ್ನಿಸೇತಿ? ಏನ್ ಬಯಕಿ ಇದ್ದರೂ ತೀರಸ್ತೇನಿ," ಅಂದರು.

ನಮ್ಮ ಕಡೆ ಇದು ಹುಡುಗಾಟದ ಮಾತಲ್ಲ. ಬಸುರಿಯ ಬಯಕೆ ಕೇಳಿ ಆಮೇಲೆ ಇಲ್ಲ ಅಂದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಅಂತ ಹೆಂಗಸರು ನಂಬುತ್ತಾರೆ. ಬೀಗತಿ ನಿರೀಕ್ಷಿಸಿದ್ದು ಹುಣಸೆಕಾಯಿಯನ್ನೋ ಹೋಳಿಗೆಯನ್ನೋ ಇರಬೇಕು. ಅಕ್ಕ ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಂಡಳು.

"ಬ್ಯಾರೇದವರು ಬಡದ ರೊಟ್ಟಿ ತಿನ್ನಬೇಕ ಅನ್ನಿಸೇತ್ರಿ ಅತ್ತಿ."

ಬಂದಿದ್ದವರಲ್ಲಿ ಒಬ್ಬಳು ತಲೆ ತಗ್ಗಿಸಿ ಬಳೆ ಸರಿಮಾಡಿಕೊಂಡಳು.

"ಬನಶಂಕರಿ ಗುಡಿ ಮುಂದ ಬುಟ್ಟಿ ಇಟಗೊಂಡು ಮಾರ್ತಾರಲ್ರಿ, ಆ ರೊಟ್ಟಿ. ಅಲ್ಲೇ ಕುಂತು."

"ಅಷ್ಟ ಅಲ್ಲೇನವಾ, ನಾಳೆ ತರಿಸಿ ಕೊಡ್ತೇನಿ," ಅಂದರು ಬೀಗತಿ.

ಮೂಲೆಯಲ್ಲಿ ಕೂತಿದ್ದ ಹಲ್ಲಿಲ್ಲದ ಮುದುಕಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. "ಅಲ್ಲೇ ಕುಂತು ತಿನ್ನೂದು ಬಯಕಿ ಅಂತ ಹೇಳ್ಯಾಳಲ್ಲವಾ. ತರಿಸಿ ಕೊಟ್ಟರ ಅರ್ಧಾ ಬಯಕಿ ತೀರೀತು. ಅರ್ಧಾ ತೀರಿಸಿದರ ಒಂದು ಕಿವಿ ಸೋರತೈತಿ."

ಮೊಮ್ಮಗನ ಕಿವಿ, ಓಣಿಯ ಮಂದಿಯ ಬಾಯಿ, ಎರಡನ್ನೂ ಬೀಗತಿ ತೂಗಿ ನೋಡಿರಬೇಕು. ಹೋಗಿ ಬರೋಣ ಅಂದರು. ಅಕ್ಕ ಅದನ್ನು ಯೋಚಿಸಿಯೇ ಹೇಳಿದಳೋ, ಅವಳಿಗೆ ನಿಜವಾಗಿಯೂ ಅದೇ ಬೇಕಿತ್ತೋ, ನಾನು ಆಮೇಲೂ ಕೇಳಲಿಲ್ಲ. ರೊಟ್ಟಿ ಬಡಿದು ಬಡಿದು ಅಂಗೈ ಸುಟ್ಟುಕೊಂಡವಳ ಬಯಕೆ ಅದಕ್ಕಿಂತ ಬೇರೆ ಏನಿದ್ದೀತು?

ಸಂಜೆ ಅವ್ವ ನನ್ನನ್ನು ಪೇಟೆಗೆ ಕಳಿಸಿದಳು. ಬಾಳೆಹಣ್ಣು, ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು ತಾ ಅಂದಳು. "ಯಾಕ?" ಅಂದರೆ, "ದೇವಿಗೆ," ಅಂದಳು. ಅವಳ ಮುಖ ಎಂದಿನಂತೆಯೇ ಇತ್ತು. ದೇವಿಗೆ ಉತ್ತತ್ತಿ ಯಾಕೆ ಅಂತ ಕೇಳುವಷ್ಟು ದಡ್ಡಿ ನಾನಲ್ಲ. ತಂದು ಗಂಟಿನಲ್ಲಿ ಸೇರಿಸಿದೆ.

ಬೆಳಗ್ಗೆ ಹೊರಡುವ ಮೊದಲು ಬೀಗತಿ ಅಕ್ಕನಿಂದ ಖಾನಾವಳಿಯ ಅವತ್ತಿನ ರೊಟ್ಟಿಯನ್ನೆಲ್ಲ ಬಡಿಯಿಸಿದರು. ಬೆಳಕು ಹರಿಯುವ ಮುಂಚೆ ಕೂತವಳು ಬಿಸಿಲು ಅಂಗಳಕ್ಕೆ ಬಂದ ಮೇಲೆ ಎದ್ದಳು. ಬುಟ್ಟಿಯ ತುಂಬ ಅವಳು ಬಡಿದ ರೊಟ್ಟಿ. ಬೇರೆಯವರು ಬಡಿದ ಒಂದು ರೊಟ್ಟಿ ತಿನ್ನಬೇಕಾದರೆ ತಾನು ಒಂದು ಬುಟ್ಟಿ ಬಡಿದಿಟ್ಟು ಹೋಗಬೇಕು. ಈ ನ್ಯಾಯ ಯಾವ ಊರಿನದೋ, ಆ ಊರಿನ ಹಿಂದೆ ಗುಡ್ಡ ಇದ್ದರೇನು, ಮುಂದೆ ಸಮುದ್ರ ಇದ್ದರೇನು?

ಟಂಟಂ ಗಾಡಿಯಲ್ಲಿ ಎಲ್ಲರೂ ಹೊರಟೆವು. ಅಕ್ಕನ ಗಂಡ ಮಾತ್ರ ಗಲ್ಲಾದ ಮೇಲೆ ಉಳಿದ. ಬನಶಂಕರಿಯಲ್ಲಿ ಇಳಿಯುತ್ತಿದ್ದಂತೆ ಬೀಗರು ಹೊಂಡದ ಕಡೆ ತಿರುಗಿದರು. "ಈ ಹೊಂಡದ ಸುತ್ತ ಕಲ್ಲಿನ ಪಡಸಾಲಿ ಐತಿ ನೋಡ್ರಿ, ಇಂಥಾದ್ದು ಕಾರವಾರದಾಗೂ ಇಲ್ಲ." ಮಾವ, "ಹೌದೇನ್ರಿ? ಪೂರಾ ಸುತ್ತು ಹಾಕೂಣಲ್ರಿ," ಅಂದ. ಇಬ್ಬರೂ ಹೋದರು. ಮಾವನ ನೋಡುವ ಚಟ ಕೆಲಸಕ್ಕೆ ಬಂದದ್ದು ಆವಾಗೊಮ್ಮೆ.

ಗುಡಿಯ ಮುಂದೆ ಹೆಂಗಸರು ಸಾಲಾಗಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅಕ್ಕ ನೆಲದ ಮೇಲೆ ಕೂತು ಕೈಚಾಚಿದಳು. ವಯಸ್ಸಾದ ಒಬ್ಬಾಕೆ ಅವಳ ಕೈಗೆ ರೊಟ್ಟಿ ಹಾಕಿ, ಅದರ ಮೇಲೆ ಬದನೆಕಾಯಿ ಪಲ್ಯ, ಕೆಂಪು ಚಟ್ನಿ ಇಟ್ಟು, ಕುಡಿಕೆಯ ಮೊಸರು ಮುಂದೆ ಸರಿಸಿದಳು. ಅಕ್ಕ ಮೊದಲು ರೊಟ್ಟಿಯ ಅಂಚು ಮುಟ್ಟಿ ನೋಡಿದಳು. "ನನ್ನಕಿಂತ ತೆಳ್ಳಗ ಬಡದೀರಿ," ಅಂದಳು. "ತಿನ್ನವಾ ತಾಯಿ, ಅಳತಿ ಆಮ್ಯಾಲ ಮಾಡೀಯಂತ," ಅಂದಳು ಆಕೆ. ಅಕ್ಕ ನಿಧಾನ ತಿಂದಳು. ಒಂದು ತಿಂದು ಇನ್ನೊಂದು ಹಾಕಿಸಿಕೊಂಡಳು, ಮತ್ತೆ ಇನ್ನೊಂದು. ತಿನ್ನುತ್ತಾ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಖಾರ ಇರಬೇಕು ಅಂದರು ಬೀಗತಿ. ಹಣ್ಣುಕಾಯಿ ಮಾಡಿಸಿಕೊಂಡು ಬರ್ತೇನಿ ಅಂತ ಅವರು ಗುಡಿಯ ಒಳಗೆ ಹೋದರು.

ಅವ್ವ ಗಂಟು ಬಿಚ್ಚಿದಳು. ಕಂಬದ ಮರೆಯಲ್ಲಿ ನಾನು ಒಂದು ದುಪ್ಪಟಿ ಅಡ್ಡ ಹಿಡಿದೆ, ಅವ್ವ ಅಕ್ಕನಿಗೆ ಹಸಿರು ಸೀರೆ ಉಡಿಸಿದಳು, ಹಸಿರು ಬಳೆ ಏರಿಸಿದಳು. ಹಿಟ್ಟು ಹಿಡಿದ ಕೈಗೆ ಬಳೆ ಏರಲು ಕಷ್ಟಪಟ್ಟವು. ರೊಟ್ಟಿ ಕೊಟ್ಟ ಆ ವಯಸ್ಸಾದಾಕೆಗೆ ಎಲ್ಲ ತಿಳಿಯಿತು. "ನನಗ ಕುಂಕುಮ ಇಲ್ಲವಾ, ನಾ ಬರಂಗಿಲ್ಲ," ಅಂದು, ಪಕ್ಕದ ಬುಟ್ಟಿಯವರನ್ನು ಎಬ್ಬಿಸಿದಳು. "ಏಳ್ರಿ, ಬಸುರಿ ಹೆಣ್ಣಮಗಳಿಗೆ ಉಡಿ ತುಂಬೂದು ಐತಿ." ನಾಲ್ಕು ಜನ ಕೈ ತೊಳೆದುಕೊಂಡು ಬಂದರು. ಐದಕ್ಕೆ ಒಬ್ಬರು ಕಡಿಮೆ; ತವರಿನವಳಾದ ಅವ್ವ ಈ ಲೆಕ್ಕಕ್ಕೆ ಬರುವುದಿಲ್ಲ.

ಅಷ್ಟರಲ್ಲಿ ಬೀಗತಿ ಹೊರಗೆ ಬಂದರು. ಸೊಸೆ ಹಸಿರು ಸೀರೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಳು. ಅವ್ವ ಕುಂಕುಮದ ಭರಣಿ ಹಿಡಿದುಕೊಂಡು ಅವರ ಎದುರಿಗೇ ನಿಂತಳು. "ಐದನೇದವರು ನೀವರಿ. ಮೊದಲ ನಿಮ್ಮ ಕೈಲೆ ಆಗಲಿ."

"ಅವರನ್ನ ಒಂದು ಮಾತ ಕೇಳದ..." ಅಂದರು ಬೀಗತಿ.

"ಇದು ಹೆಣ್ಣಮಕ್ಕಳ ಕೆಲಸರಿ."

ದೇವಿಯ ಬಾಗಿಲಲ್ಲಿ ಕುಂಕುಮ ಬೇಡ ಅನ್ನುವ ಮುತ್ತೈದೆಯನ್ನು ನಾನು ಈವರೆಗೆ ಕಂಡಿಲ್ಲ. ಬೀಗತಿಯೂ ಅನ್ನಲಿಲ್ಲ. ಹಣೆಗೆ ಕುಂಕುಮ ಹಚ್ಚಿಸಿಕೊಂಡರು. ಹಚ್ಚಿಸಿಕೊಂಡ ಮೇಲೆ ಅಕ್ಕಿ ಮುಟ್ಟಲೇಬೇಕು. ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡು ಅಕ್ಕನ ಉಡಿಗೆ ಹಾಕುವಾಗ ಒಂದಿಷ್ಟು ಕೆಳಗೆ ಚೆಲ್ಲಿತು. ಅಕ್ಕ ಸೆರಗನ್ನು ಇನ್ನಷ್ಟು ಅಗಲ ಮಾಡಿದಳು. ಆಮೇಲೆ ರೊಟ್ಟಿ ಮಾರುವ ನಾಲ್ವರೂ ಅಕ್ಕಿ, ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು ಹಾಕಿದರು. ಒಬ್ಬಾಕೆ ತನ್ನ ಬುಟ್ಟಿಯಿಂದ ಎರಡು ರೊಟ್ಟಿ ತಂದು ಕಟ್ಟಿಕೊಟ್ಟಳು, ದಾರಿಗೆ ಇರಲಿ ಅಂತ.

ಹೊಂಡದ ಸುತ್ತು ಮುಗಿಸಿ ಬಂದ ಬೀಗರು ನೋಡಿ ನಿಂತುಬಿಟ್ಟರು. "ಇದೇನಿದು?" ಅಂತ ಹೆಂಡತಿಯನ್ನು ಕೇಳಿದರು. "ಉಡಿ ತುಂಬೇತಿ," ಅಂದರು ಬೀಗತಿ, ನೆಲ ನೋಡುತ್ತಾ. ಯಾರ ಕೈಯಿಂದ ಅಂತ ಹೇಳಲಿಲ್ಲ. ನಾನು ಹೇಳಿದೆ. ಹೇಳದೆ ಬಿಡುವವಳೇ ನಾನು?

ಬಸ್ಸು ನಿಲ್ಲುವ ಜಾಗದವರೆಗೂ ಬೀಗರು ನಮ್ಮ ಹಿಂದೆ ಬಂದರು. ದನಿಯಲ್ಲಿದ್ದ ಬೆಣ್ಣೆ ಕರಗಿಹೋಗಿತ್ತು. "ಅಕ್ಕಾರ, ನೀವು ಮಾಡಿದ್ದು ಚೊಲೋ ಆಗಲಿಲ್ಲ. ಇಂಥಾ ಗಾಳಿ, ಇಂಥಾ ನೀರು, ಇಂಥಾ ಗುಡ್ಡಾ. ಮಂದಿ ದೇಶಾ ದಾಟಿ ಬಂದು ನೋಡ್ತಾರ. ಇದನ್ನ ಬಿಟ್ಟು ನಮ್ಮ ಕೂಸು ಆ ಇಳಕಲ್ಲಿನ್ಯಾಗ ಹುಟ್ಟಬೇಕೇನ್ರಿ? ಏನೈತಿ ಅಲ್ಲಿ ನೋಡಾಕ?"

ಅವ್ವ ತಿರುಗಿ ನಿಂತಳು. ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೊಡದೆ ಉಳಿಸಿಕೊಂಡ ಉತ್ತರ ಅದು.

"ನೋಡಾಕ ಏನಿಲ್ರಿ ಅಣ್ಣಾರ. ಕೂಡ್ರಾಕ ಜಾಗಾ ಐತಿ."

ಬನಶಂಕರಿಯಲ್ಲಿ ಸಿಕ್ಕ ಬಸ್ಸು ಹತ್ತಿ ಬಾದಾಮಿ ಸ್ಟ್ಯಾಂಡಿಗೆ ಬಂದು ಇಳಿದೆವು. ಹುನಗುಂದದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಯುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ, ಕೆರೂರಿನ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸು ನಿಂತಿತ್ತು, ಅದನ್ನೇ ಹತ್ತಿದೆವು. ಹೊರಡುವ ಹೊತ್ತಿಗೆ ಅಕ್ಕನ ಗಂಡ ಸೈಕಲ್ ಮೇಲೆ ಬಂದ. ಅವನ ತಾಯಿ ಟಂಟಂನಲ್ಲಿ ಮನೆಗೆ ಹೋಗಿ ಹೇಳಿರಬೇಕು. ಅಕ್ಕನ ಬಟ್ಟೆಯ ಚೀಲ ಕಿಟಕಿಯಿಂದ ಒಳಗೆ ಕೊಟ್ಟ. ಚೀಲದ ಮೇಲೆ ಅಕ್ಕನ ಸ್ವೆಟರ್ ಮಡಚಿ ಇಟ್ಟಿದ್ದ. ಅದಕ್ಕಾಗಿ ಅವನನ್ನು ಒಳ್ಳೆಯವನು ಅನ್ನಬೇಕು ಅಂತ ಅಕ್ಕನಿಗೆ ಅನ್ನಿಸುತ್ತದೆ. ನನಗೆ ಅನ್ನಿಸುವುದಿಲ್ಲ. ಹೆರಿಗೆಯಾದ ಮೇಲೆ ಅಕ್ಕ ಕೂಸಿನ ಜೊತೆ ಮತ್ತೆ ಅಲ್ಲಿಗೇ ಹೋದಳು, ಎಲ್ಲರೂ ಹೋಗುವ ಹಾಗೆ. ಆದರೆ ಬೀಗರು ರೊಟ್ಟಿಗೆ ಇಬ್ಬರು ಹೆಂಗಸರನ್ನು ಇಟ್ಟುಕೊಂಡ ಮೇಲೆ ಹೋದಳು. ಅಲ್ಲಿಯವರೆಗೆ ಅವ್ವ ಕಳಿಸಲಿಲ್ಲ.

ಬಸ್ಸು ಊರು ದಾಟುವಾಗ ಅಕ್ಕ ಕಿಟಕಿಗೆ ಹಣೆ ಹಚ್ಚಿ ಹಿಂದಕ್ಕೆ ನೋಡಿದಳು. ಬಿಸಿಲಿಗೆ ಗುಡ್ಡ ಕೆಂಪಗೆ ಕಾಣುತ್ತಿತ್ತು. "ಚಂದ ಐತಿ ಅಲಾ?" ಅಂದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಮ್ಯಾಲ ಏನೇನ ಐತಿ ಹೇಳು, ನೀ ಎಲ್ಲಾ ನೋಡಿ ಬಂದೀಯಲ್ಲ," ಅಂದಳು.

ಹೇಳಿದೆ. ಎರಡು ದಿನ ಹಲ್ಲು ಕಚ್ಚಿಕೊಂಡು ನೋಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಹದಿನೆಂಟು ಕೈಯಿನ ಶಿವ, ಬಂಡೆಯ ಸಂದಿ, ತುದಿಯ ಗುಡಿ, ಅಲ್ಲಿಂದ ಕಾಣುವ ಹಸಿರು ನೀರು. ಅಕ್ಕ ಉಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದಳು.

"ಅಕ್ಕ-ತಂಗಿ ಅಂತ ನೀರು ಬೀಳ್ತೈತಂತಲ್ಲ, ಅದನ್ನ ನೋಡಿದೇನು?"

"ನೋಡಿದೆ," ಅಂದೆ. "ಎರಡೂ ಜೋಡಿಲೆ ಬೀಳಾಕತ್ತಿದ್ದುವು. ಭಾಳ ನೀರಿತ್ತು."

ಕೆರೂರು ಬರುವುದರೊಳಗೆ ಅವಳು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನಾನು ಹೇಳುವುದನ್ನು ನಿಲ್ಲಿಸಲಿಲ್ಲ.